ಪಕ್ಕದ ಸೀಟಿನ ಬ್ರೇಕು

ನಮ್ಮ ಮನೆಯವರು ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಆದರೆ ಅವರೇ ಕಾರು ಓಡಿಸಿದ್ದನ್ನು ಕಂಡವರು ವಿರಳ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಸ್ಟಿಯರಿಂಗಿನ ಹಿಂದೆ ಜಾಗವಿಲ್ಲ. ಅವರ ಸಿಂಹಾಸನ ಪಕ್ಕದ ಸೀಟು. ಅಲ್ಲಿ ಕಾಲ ಬಳಿ ಅವರಿಗೆಂದೇ ಇನ್ನೊಂದು ಬ್ರೇಕು ಇರುತ್ತದೆ. ಕಲಿಯುವವರು ಕಂಬದ ಕಡೆಗೋ ಕಾಂಪೌಂಡಿನ ಕಡೆಗೋ ಪ್ರೀತಿಯಿಂದ ಹೊರಟಾಗ ಮೇಷ್ಟ್ರು ಅದನ್ನು ಒತ್ತಬೇಕು. ಒತ್ತಿ ಒತ್ತಿ ಇವರ ಕಾಲಿಗೆ ಅದೇ ಚಟವಾಗಿಬಿಟ್ಟಿದೆ. ಬಸ್ಸಿನಲ್ಲಿ ಕೂತರೂ ಒತ್ತುತ್ತಾರೆ, ಕ್ಷೌರದ ಕುರ್ಚಿಯಲ್ಲಿ ಕೂತರೂ ಒತ್ತುತ್ತಾರೆ, ಟೀವಿಯಲ್ಲಿ ಯಾರಾದರೂ ಎದುರಿಗೆ ಓಡಿಬಂದರೂ ಒತ್ತುತ್ತಾರೆ. ನಮ್ಮ ಸೋಫಾದ ಮುಂದಿನ ಜಮಖಾನದಲ್ಲಿ ಒಂದು ಹಿಮ್ಮಡಿ ಹಿಡಿಸುವಷ್ಟು ತೂತಿದೆ. ನೆಂಟರು ಕೇಳಿದರೆ ಇಲಿ ಕಡಿಯಿತು ಅನ್ನುತ್ತೇನೆ.

ಇಂಥವರ ಸ್ಕೂಲಿನ ಕಾರು ಹೇಗಿರಬೇಕು? ಸಣ್ಣದು, ಸಾಧು, ಬಿಳಿಯ ಬಣ್ಣದ್ದು ಅಂತ ನೀವು ಅಂದುಕೊಂಡರೆ ನಿಮಗೆ ನಮ್ಮವರು ಗೊತ್ತಿಲ್ಲ. ಕೆಂಪು ಬಣ್ಣದ, ತಲೆಯ ಮೇಲೆ ಟಾಪಿಲ್ಲದ, ರೇಸಿನ ಜಾತಿಯ ಕಾರು ಅದು. ಯಾರೋ ಸಾಹುಕಾರರು ಮಗನ ಮೇಲಿನ ಸಿಟ್ಟಿಗೆ ಮಾರಿದ್ದನ್ನು ಇವರು ಕೊಂಡು ತಂದರು. ತಂದು ವಾರವಾದ ಮೇಲೆ ಸಾಹುಕಾರರಿಗೆ ಫೋನು ಹಚ್ಚಿ, "ಸಾರ್, ಕಾರು ಚೆನ್ನಾಗಿದೆ. ಮೇಲ್ಗಡೆದು ಯಾವಾಗ ಕಳಿಸ್ತೀರಾ?" ಅಂದರು. ಟಾಪಿಲ್ಲದಿರುವುದೇ ಅದರ ಹೆಚ್ಚುಗಾರಿಕೆ ಎಂದು ಸಾಹುಕಾರರು ವಿವರಿಸಿ ಹೇಳಬೇಕಾಯಿತು.

ಆದರೆ ನಮ್ಮವರಿಗೆ ಒಂದು ಗುಣವಿದೆ. ಎಡವಿ ಬಿದ್ದರೂ ಬಿದ್ದಲ್ಲೇ ಒಂದು ಸಿದ್ಧಾಂತವನ್ನು ಹೆಕ್ಕಿಕೊಂಡು ಏಳುತ್ತಾರೆ. "ನೋಡೇ, ಹೊಸದಾಗಿ ಕಲಿಯೋರಿಗೆ ಮುಚ್ಚಿದ ಕಾರಲ್ಲಿ ಉಸಿರು ಕಟ್ಟುತ್ತೆ. ಇದರಲ್ಲಿ ಗಾಳಿ ಬರುತ್ತೆ. ಓಡಿಸ್ತಿರೋದು ಯಾರು ಅಂತ ದೂರದಿಂದಲೇ ಕಾಣುತ್ತೆ, ಜನ ತಾವಾಗೇ ಪಕ್ಕಕ್ಕೆ ಹೋಗ್ತಾರೆ. ಮತ್ತೆ ಇದಕ್ಕಿರೋ ಶಕ್ತಿಗೆ ಕಾಲು ಚೂರು ಜೋರಾದ್ರೂ ಎಗರುತ್ತೆ. ಹುಲಿ ಮೇಲೆ ಕೂತು ಕಲಿತವರಿಗೆ ಕತ್ತೆ ಒಂದು ಲೆಕ್ಕಾನಾ?" ಅಂದರು. ಆ ಹುಲಿ ನಮ್ಮ ಬಳಿ ಇದ್ದಷ್ಟು ಕಾಲ ಎರಡನೆಯ ಗೇರು ದಾಟಲಿಲ್ಲ ಎನ್ನುವುದು ಬೇರೆ ಮಾತು. ದಿನಬಳಕೆಗೂ ಅದೇ ಕಾರು. ಬಟ್ಟೆಯ ಬೀರುವನ್ನು ಹಿಂದೆ ನಿಲ್ಲಿಸಿಕೊಂಡು ಬಂದ ದಿನ, "ಟಾಪಿದ್ದಿದ್ರೆ ಇದು ಬರ್ತಿತ್ತಾ, ನೀನೇ ಹೇಳು" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

ಇಷ್ಟು ಜನಕ್ಕೆ ಕಲಿಸಿದವರು ಹೆಂಡತಿಗೆ ಯಾಕೆ ಕಲಿಸಲಿಲ್ಲ ಎಂದು ನೀವು ಕೇಳುತ್ತೀರಿ. ಎದುರು ಮನೆಯ ಔಷಧಿ ಅಂಗಡಿಯವರೂ ಕೇಳುತ್ತಾರೆ. "ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಅದು ನಿಮ್ಮನೆ ನೋಡೇ ಹೇಳಿದ್ದು" ಎಂದು ವಾರಕ್ಕೊಮ್ಮೆ ನಗುತ್ತಾರೆ. ಕಲಿಸಲು ಹೊರಟಿದ್ದರು ಸ್ವಾಮಿ, ಮದುವೆಯಾದ ಹೊಸದರಲ್ಲೇ ಹೊರಟಿದ್ದರು. ನಾನು ಬ್ರೇಕಿನ ಮೇಲೆ ಕಾಲಿಡುವ ಮೊದಲೇ ಇವರು ತಮ್ಮದನ್ನು ಒತ್ತುತ್ತಿದ್ದರು. ಕಾರು ನಿಲ್ಲುತ್ತಿತ್ತು. ನಾನು ಇವರ ಮುಖ ನೋಡುತ್ತಿದ್ದೆ, ಇವರು ಮರದ ಮೇಲಿನ ಕಾಗೆ ನೋಡುತ್ತಿದ್ದರು. ನಿಲ್ಲಿಸಿದ್ದು ನಾನೋ ಇವರೋ ಒಂದು ಸಲವೂ ಗೊತ್ತಾಗಲಿಲ್ಲ. ಕೊನೆಗೊಂದು ದಿನ ರಸ್ತೆ ಮಧ್ಯೆ ಇಳಿದು, "ನಿಮ್ಮ ಕಾಲು ಸುಮ್ಮನಿರೋ ದಿನ ಹೇಳಿ, ಆವತ್ತು ಬರ್ತೀನಿ" ಎಂದು ನಡೆದುಕೊಂಡು ಮನೆಗೆ ಬಂದೆ. ಆ ದಿನ ಬರಲೇ ಇಲ್ಲ.

ಆದರೂ ಇವರು ನನ್ನ ಕಲಿಯುವವರ ಲೈಸೆನ್ಸನ್ನು ಅವಧಿ ಮುಗಿದಾಗಲೆಲ್ಲ ಮತ್ತೆ ಮಾಡಿಸಿ ತಂದು ನನ್ನ ಪರ್ಸಿನಲ್ಲಿ ಇಡುತ್ತಿದ್ದರು. ನಾನು ಬೇಡ ಅನ್ನಲಿಲ್ಲ. ಹೇಳಲು ಬಿಗುಮಾನ, ಅಷ್ಟೇ. ಆಸೆ ಇರಲಿಲ್ಲ ಅಂತಲ್ಲ. ರೇಸು ಹೊಡೆಯುವ ಹುಚ್ಚು ನನಗಿಲ್ಲ. ಒಂದೇ ಒಂದು ಸಲ ಒಂದು ಕಾರನ್ನು ನಾನೇ ನಿಲ್ಲಿಸಬೇಕು, ಅದು ನಾನೇ ನಿಲ್ಲಿಸಿದ್ದು ಅಂತ ನನಗೂ ಗೊತ್ತಾಗಬೇಕು, ಇವರಿಗೂ ಗೊತ್ತಾಗಬೇಕು. ಇಷ್ಟೇ ನನ್ನ ಆಸೆ.

ಹೀಗಿರುವಾಗ ಕೆಂಪು ಕಾರು ಸತ್ತಿತು. ಹಲ್ಲಿನ ಡಾಕ್ಟರಮ್ಮ ಅಂತ ಒಬ್ಬರು ಕಲಿಯಲು ಬರುತ್ತಿದ್ದರು. ಎಂಥ ದವಡೆ ಹಲ್ಲನ್ನೂ ಕೈ ನಡುಗದೆ ಕೀಳುವ ಗಟ್ಟಿಗಿತ್ತಿ. ಸ್ಟಿಯರಿಂಗ್ ಹಿಡಿದರೆ ಮಾತ್ರ ಅವರದೇ ಹಲ್ಲು ಕಟಕಟ. ಅವರು ಮುಂದಕ್ಕೆ ಹೋಗುತ್ತಿದ್ದ ಕಾರಿಗೆ ಹಲ್ಲು ಕೀಳುವ ಶಕ್ತಿಯನ್ನೆಲ್ಲ ಉಪಯೋಗಿಸಿ ರಿವರ್ಸ್ ಗೇರು ಹಾಕಿದರು. ಒಳಗೆ ಏನೋ ಕಳಚಿತು. ಮೆಕ್ಯಾನಿಕ್ ಬಂದು ಬಾನೆಟ್ಟು ಎತ್ತಿ ನೋಡಿ ಮೆಲ್ಲಗೆ ಮುಚ್ಚಿ, "ಮೇಷ್ಟ್ರೇ, ಮುಗೀತು" ಅಂದ. ಡಾಕ್ಟರಮ್ಮ ಗಾಬರಿಯಲ್ಲಿ, "ಬಾಯಿ ಮುಕ್ಕಳಿಸಿ" ಅಂದುಬಿಟ್ಟರು.

ಮನೆಯಲ್ಲಿ ಸಭೆ ಸೇರಿತು. ಅಧ್ಯಕ್ಷತೆ ನಮ್ಮ ನಾದಿನಿಯದು, ಅಂದರೆ ಇವರ ತಂಗಿಯದು. ಪಕ್ಕದ ಬೀದಿಯಲ್ಲೇ ಮನೆ; ನಮ್ಮ ಮನೆಯ ಯಾವ ವಿಷಯವಾದರೂ ನಮಗಿಂತ ಮೊದಲು ಅವಳಿಗೆ ತಿಳಿದಿರುತ್ತದೆ.

"ಅಣ್ಣ, ಈ ಸಲನಾದ್ರೂ ತಲೆ ಮೇಲೆ ಏನಾದ್ರೂ ಇರೋ ಕಾರು ತಗೋ. ನಿನ್ನ ಕಾರಲ್ಲಿ ಬಂದ್ರೆ ನನ್ನ ತಲೆ ಕಾಗೆ ಗೂಡಾಗುತ್ತೆ."

"ಅದೇ ಜಾತೀದು ಬೇಕು," ಅಂದರು ಇವರು. "ಟಾಪಿರಬಾರದು, ಶಕ್ತಿ ಇರಬೇಕು, ಕ್ಲಚ್ಚಿರಬೇಕು. ದಿನಾ ಬೆಳಿಗ್ಗೆಯಿಂದ ಸಂಜೆವರೆಗೂ ಹೆದರಿದ ಕಾಲುಗಳನ್ನ ತಡ್ಕೋಬೇಕು. ಅಂಥದ್ದು ಸಿಗಲಿಲ್ಲ ಅಂದ್ರೆ ಸ್ಕೂಲಿನ ಬೋರ್ಡು ಇಳಿಸ್ತೀನಿ."

"ಈ ವಯಸ್ಸಲ್ಲಿ ಟಾಪಿಲ್ಲದ ಕಾರು ಕೇಳ್ತಿದಾರೆ ಅಂದ್ರೆ..." ಎಂದು ಔಷಧಿ ಅಂಗಡಿಯವರು ಅರ್ಥಗರ್ಭಿತವಾಗಿ ಕೆಮ್ಮಿ, "ಒಂದು ಟಾನಿಕ್ ಬಂದಿದೆ, ಕಳಿಸ್ಲಾ?" ಅಂದರು. ನಾನು ಅವರ ಮುಂದಿದ್ದ ಕಾಫಿ ಲೋಟವನ್ನು ಎತ್ತಿಕೊಂಡು ಒಳಗೆ ಹೋದೆ. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

ಮೊದಲು ಹೋದ ಷೋರೂಮಿನ ಕಾರು ಎಷ್ಟು ತಗ್ಗೆಂದರೆ ಇವರು ಕೂರಲಿಲ್ಲ, ಬಿದ್ದರು. ಬಿದ್ದದ್ದು ಪಕ್ಕದ ಸೀಟಿಗೆ. ಇವರ ಕಾಲಿಗೆ ಬೇರೆ ದಾರಿ ಗೊತ್ತಿಲ್ಲ. ಪಾಪ, ಮಾರುವ ಮನುಷ್ಯನೇ ಓಡಿಸಿದ. ಇವರು ಕಣ್ಣು ಮುಚ್ಚಿಕೊಂಡು, "ಕನ್ನಡಿ ನೋಡ್ಲಿಲ್ಲ ನೀವು. ಕ್ಲಚ್ಚಿನ ಮೇಲಿಂದ ಕಾಲು ತೆಗೀರಿ, ಅದು ಕಾಲು ಮಣೆ ಅಲ್ಲ. ಈಗ ಯಾಕೆ ಹಾರನ್ ಹೊಡೆದ್ರಿ, ಕಾರಣ ಹೇಳಿ" ಎಂದು ಶುರು ಮಾಡಿದರು. ಹುಟ್ಟಿದಾಗಿನಿಂದ ಕಾರುಗಳ ಮಧ್ಯೆಯೇ ಬೆಳೆದ ಮನುಷ್ಯ ತಿರುವಿನಲ್ಲಿ ಕಾರು ಆಫ್ ಮಾಡಿಕೊಂಡು, "ಸಾರ್, ನಾನು ಫೇಲಾ?" ಎಂದು ಕೇಳಿದ. ಇಳಿಯುವಾಗ ಇವರನ್ನು ಮೇಲೆತ್ತಲು ಷೋರೂಮಿನ ಕಾವಲುಗಾರನನ್ನೂ ಕರೆಯಬೇಕಾಯಿತು.

ಎರಡನೆಯ ಷೋರೂಮಿಗೆ ನಾದಿನಿಯೂ ಬಂದಳು. "ಅಣ್ಣನಿಗೆ ವ್ಯವಹಾರ ಗೊತ್ತಾಗಲ್ಲ" ಅಂತ. ಗಾಜಿನ ಕೋಣೆ, ಮುಖ ಕಾಣುವಂಥ ನೆಲ, ನಡುವೆ ನೀಲಿ ಬಣ್ಣದ ಕಾರು. ಟಾಪು ಬೇಕಾದಾಗ ಬರುತ್ತದೆ, ಬೇಡವಾದಾಗ ಡಿಕ್ಕಿಯೊಳಗೆ ಮಡಚಿಕೊಳ್ಳುತ್ತದೆ. ಗೇರು ಕೈಯಲ್ಲಿ ಹಾಕುವಂಥದ್ದು. ಹಿಂದೆ ಒಂದು ಸೀಟಿತ್ತು, ಹೆಸರಿಗೆ. ಒಂದು ಕೈಚೀಲ ಇಟ್ಟರೆ ಇನ್ನೊಂದು ಚೀಲ ಮುನಿಸಿಕೊಳ್ಳುವಷ್ಟು ಜಾಗ. ಉದ್ದ ಟೈ ಕಟ್ಟಿದ, ಬೋಳುತಲೆಯ ಮಾರಾಟಗಾರರು ಬಂದು ನಮಸ್ಕರಿಸಿದರು. ಇವರು ಆಗಲೇ ಕಾರಿನ ಸುತ್ತ ಎರಡು ಸುತ್ತು ಹಾಕಿ, ಪಕ್ಕದ ಸೀಟಿನ ಬಾಗಿಲು ತೆಗೆದು, ಕೂತು, ಬೆಲ್ಟು ಕಟ್ಟಿಕೊಂಡು, ಕಣ್ಣು ಮುಚ್ಚಿ ಸಿದ್ಧರಾಗಿದ್ದರು.

ಟೈಯವರು ಇವರನ್ನು ನೋಡಿದರು, ಖಾಲಿ ಇದ್ದ ಸ್ಟಿಯರಿಂಗ್ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಮುಖ ಅರಳಿತು.

"ಓ, ಕಾರು ಮೇಡಮ್ಮಿಗೆ! ಮೇಡಂ ಓಡಿಸ್ತಾರಾ?"

ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅಂತಾರೆ. ನಮ್ಮ ಮನೆಗೆ ಎರಡೂ ಸೇರಿ ಒಬ್ಬಳೇ ನಾದಿನಿ. ಟೈಯವರ ದನಿಯಲ್ಲಿ ಅವಳಿಗೆ ಏನೋ ಅನುಮಾನ ಕೇಳಿಸಿತಂತೆ. ಸೆಟೆದು ನಿಂತಳು.

"ಓಡಿಸ್ತಾರಾ ಅಂತ ಕೇಳ್ತೀರಾ? ನಮ್ಮತ್ತಿಗೆ ಮದುವೆಯಾಗಿ ಬಂದಾಗಿಂದ ಡ್ರೈವಿಂಗ್ ಸ್ಕೂಲಲ್ಲೇ ಇದಾರೆ ಕಣ್ರೀ!"

ಸುಳ್ಳಲ್ಲ. ಸ್ಕೂಲು ನಮ್ಮ ಮನೆಯ ಮುಂದಿನ ಕೋಣೆ, ನಾನು ಹಿಂದಿನ ಕೋಣೆ. ಟೈಯವರು ಓಡಿಹೋಗಿ ಮ್ಯಾನೇಜರನ್ನು ಕರೆತಂದರು. ಕಾರು ನೋಡಲು ಬಂದಿದ್ದ ಬೇರೆ ಗಿರಾಕಿಗಳೂ ಹತ್ತಿರ ಸರಿದರು. ದಪ್ಪ ಮೀಸೆಯ ಮ್ಯಾನೇಜರು ಕೈಮುಗಿದು, "ಹಿರಿಯ ಟೀಚರು ನಮ್ಮಲ್ಲಿಗೆ ಬಂದಿದ್ದು ಸಂತೋಷ. ಮೇಡಂ, ನಮ್ಮ ಮಗಳು ಕ್ಲಚ್ ಬಿಡೋವಾಗೆಲ್ಲ ಕಾರು ಆಫ್ ಆಗುತ್ತೆ, ಏನು ಮಾಡ್ಬೇಕು?" ಅಂದರು.

ಈ ಪ್ರಶ್ನೆಗೆ ಉತ್ತರ ನಮ್ಮನೆ ಗೋಡೆಗೂ ಬರುತ್ತದೆ. ಒಗ್ಗರಣೆ ಹಾಕುತ್ತಾ, ಪಾತ್ರೆ ಒರೆಸುತ್ತಾ ಅಡುಗೆಮನೆ ಕಿಟಕಿಯಿಂದ ದಿನಾ ಕೇಳಿದ್ದೇನೆ. "ಹೊಸದಾಗಿ ನಡೆಯೋ ಮಗೂನ ಕೈ ಬಿಡ್ತೀವಲ್ಲ, ಹಾಗೆ ಬಿಡ್ಬೇಕು," ಅಂದೆ. "ಪೂರ್ತಿ ಹಿಡ್ಕೊಂಡ್ರೆ ಹೋಗಲ್ಲ, ತಟ್ಟನೆ ಬಿಟ್ರೆ ಬೀಳುತ್ತೆ. ಅದು ಹೊರಡೋಕೆ ನೋಡ್ತಿದೆ ಅಂತ ಕಾಲಿಗೇ ಗೊತ್ತಾಗುತ್ತೆ. ಆಗ ಒಂದು ಉಸಿರು ಕಾಯ್ಬೇಕು."

ಮ್ಯಾನೇಜರ ಮೀಸೆ ನಡುಗಿತು. "ಆಹಾ, ಅನುಭವ ಅಂದ್ರೆ ಇದು!" ಒಬ್ಬ ಹೆಂಗಸು ಇಳಿಜಾರಿನಲ್ಲಿ ನಿಲ್ಲಿಸುವುದು ಹೇಗೆ ಎಂದಳು. ಅದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೂ ರುಚಿ ಹತ್ತಿತು ಅನ್ನಿ. ನಾದಿನಿ ಹೆಮ್ಮೆಯಿಂದ ಎಲ್ಲರ ಮುಖವನ್ನೂ ನೋಡುತ್ತಿದ್ದಳು. ನಮ್ಮವರು ಮಾತ್ರ ಕಾರಿನಲ್ಲಿ ಕಣ್ಣು ಮುಚ್ಚಿ ಕೂತೇ ಇದ್ದರು.

ಅಷ್ಟರಲ್ಲಿ ಗಾಜಿನ ಬಾಗಿಲುಗಳು ಸರಿದವು. ಟೈಯವರು ಡ್ರೈವರ್ ಸೀಟಿನ ಬಾಗಿಲು ತೆಗೆದು ಸೊಂಟ ಬಗ್ಗಿಸಿ ನಿಂತರು. ಅತ್ತ ದರಿ, ಇತ್ತ ಪುಲಿ, ನಡುವೆ ನಾದಿನಿ. ಓಡಿಸಲು ಬರುವುದಿಲ್ಲ ಎಂದರೆ ನಾಳೆ ಊರೆಲ್ಲ ನಗುತ್ತದೆ. ಮತ್ತೆ ನಿಜ ಹೇಳಬೇಕೆಂದರೆ ಆ ನೀಲಿ ಕಾರು ನನ್ನನ್ನೇ ನೋಡುತ್ತಿದೆ ಅಂತ ನನಗೆ ಅನ್ನಿಸಿತು. ಟೈಯವರಿಗೆ ಪರ್ಸಿನಿಂದ ಲೈಸೆನ್ಸ್ ತೆಗೆದು ತೋರಿಸಿದೆ. ಅವರು ಭಕ್ತಿಯಿಂದ, ಓದದೆ, ಹಿಂತಿರುಗಿಸಿದರು. ಕಲಿಯುವವರ ಫಲಕವನ್ನು ನಮ್ಮವರು ಎಲ್ಲಿಗೆ ಹೋದರೂ ಚೀಲದಲ್ಲಿ ಹೊತ್ತಿರುತ್ತಾರೆ. ಅದನ್ನು ತೆಗೆದು ಕಾರಿನ ಹಿಂದೆ ನಾನೇ ತೂಗುಹಾಕಿದೆ. ಟೈಯವರು, "ಟೀಚರಾದ್ರೂ ಎಷ್ಟು ವಿನಯ ನೋಡಿ" ಎಂದು ಮ್ಯಾನೇಜರಿಗೆ ಹೇಳಿ, ಹಿಂದಿನ ಸೀಟಿಗೆ ತಮ್ಮನ್ನು ತಾವೇ ಮಡಚಿ ತುರುಕಿಕೊಂಡರು.

ನಾನು ಕೂತೆ. ಇವರು ಕಣ್ಣು ತೆರೆಯದೆ, "ಸೀಟು ಸರಿ ಮಾಡ್ಕೊಳ್ಳಿ. ಕನ್ನಡಿ. ಬೆಲ್ಟು" ಅಂದರು. ಮಾಡಿಕೊಂಡೆ. "ಗೇರು. ನಿಧಾನಕ್ಕೆ ಬಿಡಿ." ಬಿಟ್ಟೆ, ಮಗುವಿನ ಕೈ ಬಿಟ್ಟ ಹಾಗೆ. ಕಾರು ನವಿರಾಗಿ ಬಾಗಿಲು ದಾಟಿ ರಸ್ತೆಗೆ ಬಂತು. "ಭೇಷ್," ಅಂದರು ಇವರು. "ನಿಮಗೆ ಯಾರು ಕಲಿಸಿದ್ದು?"

"ನೀವೇ," ಅಂದೆ. "ಕಿಟಕಿಯಿಂದ."

ಕಣ್ಣು ಬಿಟ್ಟರು. ಬಿಟ್ಟ ಕಣ್ಣು ಹಾಗೇ ನಿಂತಿತು. "ಅಯ್ಯೋ, ನೀನಾ!" ಅಂದರು. ಆ ಕ್ಷಣವೇ ಅವರ ಕಾಲು ತನ್ನ ಕೆಲಸ ಶುರು ಮಾಡಿತು. ಧಬ್! ಕಾಲಿಗೆ ಏನೂ ಸಿಗಲಿಲ್ಲ. ಷೋರೂಮಿನ ಕಾರಿಗೆ ಪಕ್ಕದ ಸೀಟಿನಲ್ಲಿ ಬ್ರೇಕು ಎಲ್ಲಿಂದ ಬರಬೇಕು? ಇವರು ಬಗ್ಗಿ ನೋಡಿದರು. ಬರೀ ನೆಲ. ಆದರೆ ಕಾಲಿಗೆ ಕಣ್ಣಿಲ್ಲವಲ್ಲ. ಮುಂದೆ ಒಂದು ಸೈಕಲ್ಲು ಬಂತು, ಧಬ್. ಒಬ್ಬ ಮುದುಕರು ರಸ್ತೆ ದಾಟುವ ಯೋಚನೆ ಮಾಡಿದರು, ಧಬ್ ಧಬ್. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅಂತಾರಲ್ಲ, ನಾನು ಅದನ್ನು ಕಣ್ಣಾರೆ ಕಂಡೆ. ಕೊನೆಗೆ ಎರಡೂ ಕಾಲಿನಲ್ಲಿ, ಸೀಟಿನಿಂದ ಎದ್ದು ಎದ್ದು, ದ್ರಾಕ್ಷಿ ತುಳಿಯುವವರ ಹಾಗೆ ನೆಲ ತುಳಿಯತೊಡಗಿದರು.

ಇದನ್ನು ಹಿಂದಿನಿಂದ ಟೈಯವರು ನೋಡಿದರು. ಇಷ್ಟು ವರ್ಷ ಕಾರು ಮಾರಿದ ಮನುಷ್ಯ. ಕಾರಿನಲ್ಲಿ ಕೂತವರು ಹೀಗೆ ತುಳಿಯುವುದು ಯಾವಾಗ ಅಂತ ಅವರಿಗೆ ಗೊತ್ತು.

"ಬ್ರೇಕು ಹಿಡೀತಿಲ್ಲ!" ಎಂದು ಚೀರಿದರು. "ಅಯ್ಯಯ್ಯೋ, ಬ್ರೇಕು ಫೇಲ್!"

ಟಾಪು ಮಡಚಿಡದೆ ಮುಚ್ಚಿದ್ದಿದ್ದರೆ ಈ ಮಾತು ನಮ್ಮಲ್ಲೇ ಉಳಿಯುತ್ತಿತ್ತು. ಟೈಯವರು ಎದ್ದು ನಿಂತರು. ನಿಂತು, ಎರಡೂ ಕೈ ಬೀಸುತ್ತಾ, ಟೈ ಗಾಳಿಗೆ ಬಾವುಟದ ಹಾಗೆ ಹಾರುತ್ತಾ, "ದಾರಿ ಬಿಡಿ! ಬ್ರೇಕಿಲ್ಲ! ಮಕ್ಕಳನ್ನ ಎತ್ಕೊಳ್ಳಿ!" ಎಂದು ಇಡೀ ಬೀದಿಗೆ ಸಾರಿದರು. ಜನ ಅಂಗಡಿಗಳೊಳಗೆ ನುಗ್ಗಿದರು. ಹಣ್ಣಿನವನು ತಕ್ಕಡಿ ಬಿಟ್ಟು ಗೋಡೆ ಹತ್ತಿದ. ಔಷಧಿ ಅಂಗಡಿಯವರು ಷಟರ್ ಎಳೆದು, ಆಮೇಲೆ ಕುತೂಹಲ ತಡೆಯದೆ ಅರ್ಧ ಎತ್ತಿ, ತಲೆ ಹೊರಗೆ ಹಾಕಿ, "ಮೇಷ್ಟ್ರ ಹೆಂಡ್ತಿ!" ಎಂದು ಕೂಗಿದರು. ನಾನು ಆಗ ನಡೆಯುವವರಿಗಿಂತ ಸ್ವಲ್ಪ ಮುಂದಿದ್ದೆ, ಓಡುವವರಿಗಿಂತ ಬಹಳ ಹಿಂದಿದ್ದೆ. ಆದರೆ ಹೆದರಿದವರು ವೇಗ ಅಳೆಯುತ್ತಾರೆಯೇ?

ಮುಂದೆ ದೊಡ್ಡ ಚೌಕ. ಅಲ್ಲಿ ನಿಂತಿದ್ದ ಟ್ರಾಫಿಕ್ ಪೇದೆ ಇವರ ಹಳೆಯ ಶಿಷ್ಯ. ಟೈಯವರ ಕೂಗು ಕೇಳಿ ಸೀಟಿ ಊದಿ, ನಾಲ್ಕೂ ಕಡೆಯ ವಾಹನಗಳನ್ನು ನಿಲ್ಲಿಸಿ, ಚೌಕವನ್ನು ಖಾಲಿ ಮಾಡಿಸಿ, ಸೆಲ್ಯೂಟ್ ಹೊಡೆಯುವುದೋ ಓಡುವುದೋ ತಿಳಿಯದೆ ನಿಂತ. ರಸ್ತೆಯ ಮೇಲೆ ಬಿಳಿಯ ಗೆರೆ ಕಾಣಿಸಿತು. ಇವರು ಸುಸ್ತಾಗಿದ್ದರು. ಕಾಲು ಎತ್ತಲೂ ಆಗದೆ, ಸೀಟಿಗೆ ಒರಗಿ, ನನ್ನ ಮುಖ ನೋಡಿದರು. ಅವರ ಎರಡು ಕಾಲೂ ಸುಮ್ಮನಿದ್ದವು.

ನಾನು ಕನ್ನಡಿ ನೋಡಿದೆ. ಕಾಲು ಇಟ್ಟೆ. ಒತ್ತಿದೆ. ಕಾರು ಗೆರೆಗೆ ಒಂದು ಬೆರಳು ಹಿಂದೆ, ಗೆರೆಗೆ ನೋವಾಗದ ಹಾಗೆ ನಿಂತಿತು. ಟೈಯವರು ಮಾತ್ರ ನಿಂತಲ್ಲೇ ಮುಗ್ಗರಿಸಿ ಇವರ ಭುಜ ಹಿಡಿದುಕೊಂಡರು.

ಪೇದೆ ಓಡಿಬಂದ. "ಅಮ್ಮಾ! ಬ್ರೇಕಿಲ್ದಿರೋ ಕಾರನ್ನ ಬೆಣ್ಣೇಲಿ ಕೂದಲು ತೆಗೆದ ಹಾಗೆ ನಿಲ್ಲಿಸಿಬಿಟ್ರಲ್ಲ! ಹೇಗೆ ನಿಲ್ಲಿಸಿದ್ರಿ?"

"ಬ್ರೇಕು ಹಾಕಿ," ಅಂದೆ.

ಅವನು ನಂಬಲಿಲ್ಲ. ಯಾರೂ ನಂಬಲಿಲ್ಲ. ಜನ ಸುತ್ತ ಸೇರಿ ಚಪ್ಪಾಳೆ ತಟ್ಟಿದರು, ಹಣ್ಣಿನವನು ಗೋಡೆಯ ಮೇಲಿಂದಲೇ ತಟ್ಟಿದ. ಆ ಗದ್ದಲದಲ್ಲಿ ನಾನು ಇವರ ಕಡೆ ತಿರುಗಿ ಮೆಲ್ಲಗೆ ಕೇಳಿದೆ: "ರೀ, ಈಗ ನಿಂತಿದ್ದು ಯಾರ ಬ್ರೇಕಿಂದ?"

ಇವರು ಮರದ ಮೇಲೆ ಕಾಗೆ ಇದೆಯೇ ಅಂತ ನೋಡಿದರು. ಚೌಕದಲ್ಲಿ ಮರವೇ ಇರಲಿಲ್ಲ. "ನಿಂದೇ," ಅಂದರು. "ನನ್ನದು ಇರಲೇ ಇಲ್ಲವಲ್ಲ." ಆಮೇಲೆ ಬೆವರು ಒರೆಸಿಕೊಂಡು, "ಚೆನ್ನಾಗಿ ನಿಲ್ಲಿಸಿದೆ ಕಣೇ" ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಇವರನ್ನು ಅಲ್ಲೇ ಬಯ್ದುಬಿಟ್ಟೆ.

ಷೋರೂಮಿನವರು ಆ ಕಾರಿನ ಗಾಲಿ ಬಿಚ್ಚಿ, ಕೆಳಗೆ ಮಲಗಿ, ಟಾರ್ಚು ಹಾಕಿ ಹುಡುಕಿದರು. ಬ್ರೇಕು ನೆಟ್ಟಗಿತ್ತು. ನೆಟ್ಟಗಿದೆ ಎಂದು ಹೇಳಿದಷ್ಟೂ ಊರಿನವರಿಗೆ ಅನುಮಾನ ಗಟ್ಟಿಯಾಯಿತು. "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಅಂದರು. ನೀಲಿ ಕಾರನ್ನು ಮುಟ್ಟುವವರೇ ಇಲ್ಲವಾದರು. ಕೊನೆಗೆ ಮ್ಯಾನೇಜರೇ ಮೀಸೆ ಇಳಿಬಿಟ್ಟುಕೊಂಡು ನಮ್ಮ ಮನೆಗೆ ಬಂದು, "ಮೇಡಂ, ಇದನ್ನ ಓಡಿಸೋ ಧೈರ್ಯ ಇರೋರು ನೀವೊಬ್ರೇ. ಕೈಲಾದ್ದು ಕೊಟ್ಟು ತಗೊಂಡು ಹೋಗಿ" ಎಂದರು. ಸ್ಕೂಲಿನ ಬೋರ್ಡು ಇಳಿಯಲಿಲ್ಲ. ಹೊಸ ಬಣ್ಣ ಬಳಿಸಿಕೊಂಡಿತು. ಬ್ರೇಕಿಲ್ಲದ ಕಾರು ನಿಲ್ಲಿಸಿದವರ ಮನೆ ಎಂದು ಹೆಂಗಸರು ಸಾಲುಗಟ್ಟಿ ಬಂದರು. ಹಲ್ಲಿನ ಡಾಕ್ಟರಮ್ಮನೂ ಬಂದರು, ಈ ಸಲ ಹಲ್ಲು ಕಚ್ಚಿಕೊಂಡು. ನನ್ನ ಲೈಸೆನ್ಸಿನ ಪರೀಕ್ಷೆ ತೆಗೆದುಕೊಂಡ ಅಧಿಕಾರಿ ಕಾರಿನೊಳಗೆ ಕೂರಲು ಒಪ್ಪದೆ ಫುಟ್‌ಪಾತಿನ ಮೇಲೆ ನಿಂತೇ ಪಾಸು ಮಾಡಿದರು.

ಮೆಕ್ಯಾನಿಕ್ ಬಂದು ನೀಲಿ ಕಾರಿನ ಪಕ್ಕದ ಸೀಟಿಗೆ ಎರಡನೆಯ ಬ್ರೇಕು ಕೂರಿಸಿದ. ಶಿಷ್ಯರಿಗೆ ಅದು ಬೇಕೇ ಬೇಕು, ನಾನೂ ಒಪ್ಪುತ್ತೇನೆ. ಅವನು ಸ್ಪ್ಯಾನರು ಒರೆಸಿಕೊಂಡು ಹೋದ ಮೇಲೆ ನಾನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ನನ್ನ ಮುಖದಲ್ಲಿ ಏನು ಕಂಡಿತೋ, ಇವರು ಕೆಮ್ಮಿ, "ನೀನು ಓಡಿಸೋವಾಗ ನಾನು ಅಲ್ಲಿ ಕೂರಲ್ಲ ಬಿಡು" ಎಂದರು.

ಕೊಟ್ಟ ಮಾತಿಗೆ ತಪ್ಪಿಲ್ಲ. ಸಂಜೆ ಪಾಠ ಮುಗಿದ ಮೇಲೆ ನಾವು ಟಾಪು ಮಡಚಿ ಹೊರಡುತ್ತೇವೆ. ಸ್ಟಿಯರಿಂಗಿನ ಹಿಂದೆ ನಾನು. ಪಕ್ಕದ ಸೀಟು ಖಾಲಿ. ಹಿಂದೆ, ಕೈಚೀಲದ ಜಾಗದಲ್ಲಿ, ಮೊಣಕಾಲನ್ನು ಕಿವಿಗೆ ಹಚ್ಚಿಕೊಂಡು ನಮ್ಮ ಮನೆಯವರು. ನಾದಿನಿ ಮೊದಲ ದಿನ ನೋಡಿ ಬೀದಿಯಲ್ಲೇ ಎದೆ ಬಡಿದುಕೊಂಡಳು.

"ಅತ್ತಿಗೆ! ಮುಂದೆ ಅಷ್ಟು ಜಾಗ ಇದ್ರೂ ನಮ್ಮಣ್ಣನ್ನ ಮೂಟೆ ಥರ ಹಿಂದೆ ತುರುಕಿದೀರಲ್ಲ!"

ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ದನಿ ಬಂತು: "ಸುಮ್ನಿರೇ ನೀನು. ಓಡಿಸೋರ ಜತೆ ಮಾತಾಡಬಾರದು."

ಚೌಕ ಬಂದಾಗೆಲ್ಲ ನನ್ನ ಸೀಟಿನ ಬೆನ್ನಿಗೆ ಎರಡು ಕಾಲಿನ ಒದೆ ಬೀಳುತ್ತದೆ. ಬೀಳಲಿ ಬಿಡಿ. ಕಾರು ನಿಲ್ಲುವುದು ನಾನು ನಿಲ್ಲಿಸಿದಾಗ.